ಜೂಜುಕೋರನ ಪಾತ್ರ

ದರ್ಜಿ ಸಿನಿಮಾದಲ್ಲಿ ನಟಿಸಿದ್ದನೆಂದರೆ ಬೀದಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಕಳ್ಳ ಜೂಜಿನಡ್ಡೆಯ ಮೇಲಿನ ಆ ಪತ್ತೇದಾರಿ ಚಿತ್ರ ನಲವತ್ತು ವರ್ಷದ ಹಿಂದೆ ಮೂರೇ ದಿನ ಓಡಿ ಮಕಾಡೆ ಮಲಗಿತ್ತು. ಇಸ್ಪೀಟು ಮೇಜಿನ ಎಡಗಡೆ ಕೂತವನು ತಾನೇ ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಆಗ ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿಯೂ ಅದನ್ನು ನೋಡಿರಲಿಲ್ಲ.

ಆ ಭಾನುವಾರ ಹಳೆಯ ಟಾಕೀಸಿನಲ್ಲಿ ಅದರದ್ದೇ ಒಂದು ಬೆಳಗಿನ ಆಟ. ಹೊಸ ಕೋಟು ತೊಟ್ಟು ದರ್ಜಿ ಹೊರಟರೆ, ಇಡೀ ಬೀದಿ ಮದುವೆ ದಿಬ್ಬಣದಂತೆ ಹಿಂದೆ ಬಂತು.

ಪಕ್ಕದ ಅಂಗಡಿಯ ಕ್ಷೌರಿಕ ಟಿಕೆಟ್ ಸಾಲಿನಲ್ಲೇ ಬಾಜಿ ಬರೆಯುವ ಪುಸ್ತಕ ಬಿಚ್ಚಿದ. "ನಮ್ಮ ದರ್ಜಿ ತೆರೆ ಮೇಲೆ ಕಾಣ್ತಾನೋ ಇಲ್ವೋ? ಕಟ್ಟಿ ಬಾಜಿ!"

"ಕಾಣ್ತಾರೆ, ಬರ್ಕೊ," ಎಂದಳು ಹೆಂಡತಿ. ಬೇರೆ ಯಾರೂ ಆ ಕಡೆ ಕಟ್ಟಲಿಲ್ಲ.

ಆಟ ಶುರುವಾಯಿತು. ತೆರೆಯ ಮೇಲೆ ಅಡ್ಡೆಯ ಬಾಗಿಲು ತೆರೆದುಕೊಂಡಿತು. ದರ್ಜಿಯ ಎದೆ ಹೊಲಿಗೆ ಯಂತ್ರದಂತೆ ಟಕಟಕ ಬಡಿಯತೊಡಗಿತು. ಅಷ್ಟರಲ್ಲಿ ಬಾಜಿಯ ವಾಸನೆ ಹಿಡಿದು ಪೇದೆಯೊಬ್ಬ ಒಳಗೆ ಬಂದ. ಕ್ಷೌರಿಕ ಪುಸ್ತಕವನ್ನು ದರ್ಜಿಯ ಮಡಿಲಿಗೆ ತುರುಕಿ, ಬೆಕ್ಕಿನಂತೆ ಕುರ್ಚಿಗಳ ಅಡಿಯಲ್ಲೇ ನುಸುಳಿ ಪರಾರಿಯಾದ.

"ಏಳಯ್ಯಾ ಜೂಜುಕೋರ!"

"ಸಾರ್, ನಾನು ಜೂಜುಕೋರ ಅಲ್ಲ, ಜೂಜುಕೋರನ ಪಾತ್ರ! ಈಗ ತೆರೆ ಮೇಲೆ ಬರ್ತೀನಿ, ಒಂದೇ ನಿಮಿಷ ನೋಡಿ!"

"ಠಾಣೆಗೆ ಬಾ, ಅಲ್ಲೇ ನೋಡ್ತೀನಿ," ಎಂದು ಪೇದೆ ಅವನ ಹೊಸ ಕೋಟಿನ ಕೊರಳಪಟ್ಟಿ ಹಿಡಿದು ಎಳೆದೊಯ್ದ. ಠಾಣೆಯಲ್ಲಿ ಪುಸ್ತಕದ ಕೈಬರಹ ತನ್ನದಲ್ಲವೆಂದು ಬರೆದು ತೋರಿಸಿ, ಬೈಸಿಕೊಂಡು, ದರ್ಜಿ ಓಡೋಡಿ ಮರಳುವಷ್ಟರಲ್ಲಿ ಆಟ ಮುಗಿದು ಜನ ಚದುರಿದ್ದರು. ಹೆಂಡತಿಯೊಬ್ಬಳೇ ಮೆಟ್ಟಿಲ ಮೇಲೆ ಕಾದು ಕೂತಿದ್ದಳು.

"ನೋಡಿದ್ಯೇನೇ?"

"ನೋಡ್ದೆ ಕಣ್ರೀ. ಎಡಗಡೆ ಕೂತಿದ್ರಿ. ಎಲೆಗಳನ್ನ ಎದೆಗೆ ಒತ್ತಿಕೊಂಡು ಒಂದ್ಸಲ ನಕ್ರಿ. ನಾಯಕನೇ ನಿಮ್ಮ ಮುಂದೆ ಸಪ್ಪೆ ಆಗೋದ."

ದರ್ಜಿಯ ಕಣ್ಣು ತುಂಬಿತು. ನಲವತ್ತು ವರ್ಷದ ಭಾರ ಇಳಿದಂತಾಯಿತು.

ಆಗ ಚಿತ್ರ ಓಡಿಸುವವನು ಡಬ್ಬಿ ಹೊತ್ತು ಮೆಟ್ಟಿಲಿಳಿದು ಬಂದ. "ಕ್ಷಮಿಸಿ ಯಜಮಾನ್ರೇ, ಇಸ್ಪೀಟಿನ ರೀಲು ಪೂರ್ತಿ ಅಂಟ್ಕೊಂಡಿತ್ತು. ಬಾಗಿಲು ತೆಗೆದದ್ದೇ ತಡ, ನೇರ ಕೊಲೆ ಸೀನಿಗೆ ಹಾರಿಸ್ಬಿಟ್ಟೆ. ಇದ್ದದ್ದು ಇದೊಂದೇ ಪ್ರತಿ."

ಹೆಂಡತಿ ಸೆರಗಿನ ಅಂಚು ತಿರುಚುತ್ತ ನೆಲ ನೋಡಿದಳು. ದರ್ಜಿ ಕೈ ಚಾಚಿ ಅವಳನ್ನು ಎಬ್ಬಿಸಿದ.

"ನಕ್ಕಾಗ ಹೇಗೆ ಕಾಣ್ತಿದ್ದೆ, ಇನ್ನೊಂದ್ಸಲ ಹೇಳೆ," ಎಂದ.