ಅಟ್ಟದ ಮೇಲಿನ ಸಂಪಾದಕ

ತಿಪಟೂರಿನ ತೋಂಟದಾರ್ಯನವರಿಗೆ ಗ್ರಹಚಾರ ಕೆಟ್ಟದ್ದು ಒಂದು ತಮಾಷೆಯ ಸಾಲಿನಿಂದ. ಮೂವತ್ತು ವರ್ಷ ವಾರವಾರವೂ ‘ಕೊಬ್ಬರಿ ನೋಟ’ ಎಂಬ ಎರಡು ಪುಟದ ಪತ್ರಿಕೆ ಹೊರಡಿಸಿ ಮಾರುಕಟ್ಟೆಯ ಭವಿಷ್ಯ ನುಡಿದವರು ಅವರು. ನಿಜ ಹೇಳಬೇಕೆಂದರೆ ಭವಿಷ್ಯ ಒಂದೇ: ‘ತಡೆಯಿರಿ, ದರ ಏರುತ್ತದೆ.’ ತಡೆದವರಿಗೆ ಒಂದಲ್ಲ ಒಂದು ದಿನ ಏರಿಯೇ ಏರುತ್ತಿತ್ತು, ಹೆಸರು ಇವರಿಗೆ ಬರುತ್ತಿತ್ತು. ಆ ಹೆಸರು ಕೆಡುವ ಮುಂಚೆ ಪತ್ರಿಕೆ ನಿಲ್ಲಿಸಿ ನೆಮ್ಮದಿಯಾಗಿ ಇದ್ದುಬಿಡಬೇಕೆಂಬುದೊಂದೇ ಅವರ ಆಸೆ.

ಕೊನೆಯ ಸಂಚಿಕೆಗೆ ಚೆಂದದ ಮುಕ್ತಾಯ ಬೇಕಿತ್ತು. ‘ಇಷ್ಟು ವರ್ಷ ನಾನು ಬರೆದದ್ದೇನೂ ಇಲ್ಲ. ದರ ಏರುವ ಮುನ್ನ ನಮ್ಮ ಮನೆಯ ಅಟ್ಟದ ಕಾಯಿಗಳು ತಾವಾಗಿಯೇ ಗುಡುಗುಡು ಎನ್ನುತ್ತವೆ. ಅದನ್ನು ಕೇಳಿ ಬರೆದುಕೊಂಡೆ, ಅಷ್ಟೆ’ ಎಂದು ಬರೆದು ಒಬ್ಬರೇ ನಕ್ಕರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಸದ್ದು ಮಾಡುತ್ತದೆ. ತಾನಾಗಿಯೇ ಸದ್ದು ಮಾಡುವ ಕಾಯಿಯನ್ನು ಯಾರೂ ಕಂಡಿಲ್ಲ.

ಆದರೆ ಅಚ್ಚಾದದ್ದನ್ನು ನಂಬದಿರುವುದುಂಟೆ? ಬೆಳಗಿನ ಬಸ್ಸಿಗೇ ಹಾಲ್ಕುರಿಕೆಯ ಬೆಳೆಗಾರ ಬೆಟ್ಟಸ್ವಾಮಿ ಬಂದಿಳಿದ. ಅವನ ಹಿಂದೆಯೇ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಅಕ್ಬರ್ ಪಾಷಾ ಬಂದ.

“ನಾಳೆ ಕೊಬ್ಬರಿ ಹರಾಜು ಕಣ್ರೀ. ಪತ್ರಿಕೆ ಇಲ್ದಿದ್ರೆ ಬುಡಿ, ಅಟ್ಟದ ಕೆಳಗೆ ನಾವೇ ಕೂತ್ಕಂಡು ಕೇಳ್ತೀವಿ,” ಎಂದು ಬೆಟ್ಟಸ್ವಾಮಿ ಚಾಪೆ ಹಾಸಿಯೇಬಿಟ್ಟ.

“ತಮಾಷೆಗೆ ಬರ್ದಿದ್ದು ಕಣಪ್ಪ!”

“ಗುಟ್ಟು ಬಿಟ್ಕೊಟ್ಮೇಲೆ ಎಲ್ರೂ ಹಂಗೇ ಅಂತಾರೆ ಸ್ವಾಮಿ,” ಎಂದು ಅಕ್ಬರ್ ಪಾಷಾ ನಕ್ಕ.

ಮಧ್ಯಾಹ್ನದ ಹೊತ್ತಿಗೆ ನಡುಮನೆ ಮದುವೆ ಮನೆಯಂತೆ ತುಂಬಿತ್ತು. ಯಾರೋ ಅಟ್ಟ ಹತ್ತಿ ನೋಡುತ್ತೇನೆಂದು ಎದ್ದರು. ತೋಂಟದಾರ್ಯರ ಹೆಂಡತಿ ಸರ್ವಮಂಗಳ ಕಾಫಿ ತಟ್ಟೆ ಕುಕ್ಕಿ ಅಡ್ಡ ನಿಂತಳು.

“ಯಾರೂ ಹತ್ತಂಗಿಲ್ಲ! ಏಣಿಗೆ ಹುಳ ಹಿಡಿದೈತೆ.”

ಮುಸ್ಸಂಜೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಅಷ್ಟು ಜನ ಮುಖ ಮೇಲೆತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದನ್ನು ಕಂಡು ತೋಂಟದಾರ್ಯರಿಗೆ ತಮ್ಮ ಮನೆಯೇ ಪರರ ಮನೆಯಂತೆ ಕಂಡಿತು. ತಾಳ್ಮೆ ತಪ್ಪಿತು.

“ಎದ್ದೇಳ್ರಪ್ಪ ಸಾಕು! ಪತ್ರಿಕೆ ನಿಂತೋಯ್ತು!”

ಅಟ್ಟದಲ್ಲಿ ಸದ್ದಾಯಿತು. ಗುಡು, ಗುಡು.

“ಇಲಿ ಇರ್ಬೇಕು,” ಎಂದರು ತೋಂಟದಾರ್ಯರು. “ಪತ್ರಿಕೆ ನಿಂತೋಯ್ತು ಅಂದ್ನಲ್ಲ.”

ಗುಡುಗುಡುಗುಡು! ಈ ಸಲ ಸದ್ದಿನಲ್ಲಿ ಸಿಟ್ಟಿತ್ತು. ಬೆಟ್ಟಸ್ವಾಮಿ ಕೈಮುಗಿದ. ಅಕ್ಬರ್ ಪಾಷಾ ಮೆಲ್ಲಗೆ ಬಾಗಿಲ ಕಡೆ ಸರಿದ.

ಇಲಿಯನ್ನು ಹಿಡಿದು ತೋರಿಸಿದರೆ ಪೀಡೆ ಕಳೆಯುತ್ತದೆಂದು ತೋಂಟದಾರ್ಯರು ಟಾರ್ಚು ಹಿಡಿದು, ಹೆಂಡತಿಯನ್ನು ಸರಿಸಿ ಏಣಿ ಹತ್ತಿದರು. ಏಣಿ ಗಟ್ಟಿಯಾಗಿಯೇ ಇತ್ತು. ಅಟ್ಟದಲ್ಲಿ ಇಲಿ ಇರಲಿಲ್ಲ. ಒಂದು ಕಾಯಿಯೂ ಇರಲಿಲ್ಲ. ಗುಡಿಸಿದ ಹಲಗೆ ಮಾತ್ರ ಬೆಳಕಿಗೆ ಮಿನುಗಿತು.

ಹಿಂದೆಯೇ ಎರಡು ಮೆಟ್ಟಿಲು ಹತ್ತಿ ಬಂದ ಸರ್ವಮಂಗಳ ಪಿಸುಗುಟ್ಟಿದಳು: “ದೀಪಾವಳಿಲಿ ರೇಟು ಚೆನ್ನಾಗಿತ್ತು, ಎಲ್ಲಾ ಮಾರ್ಬುಟ್ಟೆ. ನಿಮ್ಮ ಪತ್ರಿಕೆ ನಂಬ್ಕಂಡು ಕೂತಿದ್ರೆ ಈ ಮನೆ ನಡೀತಿತ್ತಾ? ಬಾಯ್ಮುಚ್ಕೊಂಡು ಇಳೀರಿ.”

ತೋಂಟದಾರ್ಯರು ಉತ್ತರ ಕೊಡುವ ಮೊದಲೇ, ಆ ಬರಿದಾದ ಕತ್ತಲಲ್ಲಿ, ಅವರ ಕಿವಿಯ ಪಕ್ಕದಲ್ಲೇ ಗುಡು ಎಂದಿತು.

ಹೇಗೆ ಇಳಿದರೋ ಅವರಿಗೇ ಗೊತ್ತಿಲ್ಲ. “ಕಾಯಿ ಹೆಂಗವೆ?” ಎಂದು ಎಲ್ಲರೂ ಮುತ್ತಿಕೊಂಡರು. ಅಟ್ಟ ಖಾಲಿ ಎಂದರೆ ಹೆಂಡತಿಯೇ ನಂಬದ ಪತ್ರಿಕೆ ಎಂದು ಊರೇ ನಗುತ್ತದೆ. ಮೂವತ್ತು ವರ್ಷದ ಹೆಸರು ಹೋಗುತ್ತದೆ.

“ಪತ್ರಿಕೆ... ಮುಂದಿನ ವಾರವೂ ಬತ್ತದೆ,” ಎಂದು ತೊದಲಿದರು.

ಅಟ್ಟ ಥಟ್ಟನೆ ಸುಮ್ಮನಾಯಿತು. ಜನ ಸಂತೋಷದಿಂದ ಚಾಪೆ ಸುತ್ತಿಕೊಂಡು ಹೊರಟರು.

ತೋಂಟದಾರ್ಯರು ಪೆನ್ನು ಹಿಡಿದು, ರೂಢಿಯಂತೆ ‘ತಡೆಯಿರಿ, ದರ ಏರುತ್ತದೆ’ ಎಂದು ಬರೆದರು.

ಮೇಲಿನಿಂದ ಗುಡು, ಗುಡು ಎಂದಿತು.

ಅವರು ಆ ಸಾಲನ್ನು ಹೊಡೆದುಹಾಕಿ, ಮುಖವೆತ್ತಿ ವಿನಯದಿಂದ ಕೇಳಿದರು: “ಮತ್ತೇನು ಬರೀಲಿ, ನೀವೇ ಹೇಳಿ.”