ಷಡ್ಡಕನ ಬೇಸ್‌ಬಾಲ್ ಮತ್ತು ನನ್ನ ಬ್ಯಾಟು

ನಮ್ಮ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ತಾನು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಅಮೆರಿಕದಲ್ಲಿ ನಡೆದ ಒಂದು ಬೇಸ್‌ಬಾಲ್ ಆಟವನ್ನು ಕಣ್ಣಾರೆ ಕಂಡವನು. ನಂಬುವುದಿಲ್ಲವೇ? ಯಾವುದಾದರೂ ಭಾನುವಾರ ವರ್ತೂರಿನ ನಮ್ಮ ಮಾವನ ಮನೆಗೆ ಊಟಕ್ಕೆ ಬನ್ನಿ. ನೀವು ಕೈ ತೊಳೆದು ಕೂರುವಷ್ಟರಲ್ಲಿ ಅವನ ಬಾಯಲ್ಲಿ ಆಟ ಶುರುವಾಗಿರುತ್ತದೆ.

ಈ ಹುಚ್ಚು ಹತ್ತಿದ್ದು ವೈಟ್‌ಫೀಲ್ಡಿನ ಅವನ ಆಫೀಸಿನಲ್ಲಿ. ಫೋನಿನಲ್ಲಿ ಅಮೆರಿಕದವರ ಜೊತೆ ಮಾತಾಡುವಾಗ ಅವರ ಆಟದ ಬಗ್ಗೆ ಒಂದೆರಡು ಮಾತು ಬರಲಿ ಅಂತ ಟ್ರೈನಿಂಗ್ ಕೊಟ್ಟರಂತೆ. ಉಳಿದವರು ಒಂದೆರಡು ಮಾತು ಕಲಿತು ಸುಮ್ಮನಾದರು. ಇವನು ಒಂದು ಹಳೇ ಆಟಕ್ಕೆ ಅಂಟಿಕೊಂಡುಬಿಟ್ಟ. ಎರಡೂ ಕಡೆ ಸೇರಿ ನಲವತ್ತೊಂಬತ್ತು ರನ್ನು! ಬೇಸ್‌ಬಾಲಿನಲ್ಲಿ ಅದು ಮಹಾ ಸಾಧನೆಯಂತೆ. ನಮ್ಮ ಲಗ್ಗೆರೆಯ ಹುಡುಗರು ಕ್ರಿಕೆಟ್ಟಿನಲ್ಲಿ ಅಷ್ಟನ್ನು ಟೀ ಬರುವಷ್ಟರಲ್ಲಿ ಹೊಡೆದು ಮುಗಿಸುತ್ತಾರೆ. ಹಾಗಂತ ಎಲ್ಲರೆದುರೇ ಹೇಳಿದೆ.

“ಅಲ್ಲಿ ಒಂದು ರನ್ ಅಂದ್ರೆ ನಾಲ್ಕು ಮೂಲೆ ಸುತ್ಕೊಂಡು ಹೊರಟ ಜಾಗಕ್ಕೇ ವಾಪಸ್ ಬರ್ಬೇಕು ಅಣ್ಣ,” ಅಂದ ಷಡ್ಡಕ.

ಮಾವ ತಲೆದೂಗಿದರು. “ಒಳ್ಳೇ ಆಟ ಕಣಪ್ಪ. ಆಮ್ಯಾಕೇನಾಯ್ತು?”

ಈ ‘ಆಮ್ಯಾಕೇನಾಯ್ತು’ ಇದೆಯಲ್ಲ, ನನ್ನ ಹೊಟ್ಟೆ ಉರಿಸಿದ್ದು ಅದೇ. ನಾನು ಹಿರಿಯಳಿಯ. ಪೀಣ್ಯದ ಕಾರ್ಖಾನೆಗಳ ಕ್ರಿಕೆಟ್ ಟೂರ್ನಿಯಲ್ಲಿ ಅರವತ್ತೆರಡು ರನ್ನು ಹೊಡೆದವನು. ಅದನ್ನು ಹೇಳಲು ಬಾಯಿ ತೆರೆದರೆ ಮಾವ ಅತ್ತೆಯ ಕಡೆ ತಿರುಗಿ “ಲೇ, ಅವ್ರಿಗೆ ಸಾರು ಬಿಡು” ಅನ್ನುತ್ತಾರೆ! ಮೊದಲೆಲ್ಲ ನನ್ನ ತಟ್ಟೆಗೆ ಬೀಳುತ್ತಿದ್ದ ಕೋಳಿ ತೊಡೆ ಈಗ ಆ ಬೇಸ್‌ಬಾಲ್ ಆಟದ ನಾಲ್ಕನೇ ಸರದಿಯ ಹದಿನಾಲ್ಕು ರನ್ನಿನ ಕತೆಯ ಜೊತೆಗೆ ಅವನ ತಟ್ಟೆಗೆ ಹೋಗುತ್ತದೆ. ಅತ್ತೆ ಸೌಟು ಹಿಡಿದು ನಿಂತಲ್ಲೇ ಕೇಳುತ್ತಾರೆ. ನನ್ನ ಹೆಂಡತಿಯೂ! ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ, ಹೌದು.

ಒಂದು ಭಾನುವಾರ ಮಾವ “ಬಾಯಲ್ಲಿ ಸಾಕು, ಆಡಿ ತೋರ್ಸಪ್ಪ” ಅಂದರು. ಮನೆ ಹಿಂದೆ ರಾಗಿ ಕೊಯ್ದ ಹೊಲವಿತ್ತು. ನಾಲ್ಕು ಮೂಲೆಗೆ ಗೋಣಿಚೀಲ ಹಾಸಿದೆವು. ಮಾವನ ಬಾಡಿಗೆ ರೂಮುಗಳಲ್ಲಿದ್ದ ರಾಯಚೂರು ಕಡೆಯವರು ಫೀಲ್ಡಿಂಗಿಗೆ ನಿಂತರು. ಇವತ್ತು ಮಾವ ನನ್ನನ್ನೇ ನೋಡಬೇಕು ಅಂತ ನನ್ನ ಕ್ರಿಕೆಟ್ ಬ್ಯಾಟು ಹಿಡಿದು ಇಳಿದೆ. ಷಡ್ಡಕ ಚೆಂಡೆಸೆದ. ಬಾರಿಸಿದೆ ನೋಡಿ, ಕಾಂಪೌಂಡಿನ ತನಕ!

“ಬ್ಯಾಟ್ ಬಿಸಾಕಿ ಓಡಿ ಅಣ್ಣ,” ಎಂದು ಅವನೇ ಕೂಗಿದ.

ಬ್ಯಾಟು ಬಿಸಾಕುವುದೇ? ಅದೂ ನಾನು? ಬ್ಯಾಟಿನ ಸಮೇತ ಮೂರು ಮೂಲೆ ಸುತ್ತಿದೆ. ಕೊನೆಯ ಚೀಲ ಒಂದು ಮಾರು ದೂರವಿರುವಾಗ, ಕ್ರಿಕೆಟ್ಟಿನಲ್ಲಿ ಮಾಡುವ ಹಾಗೆ ಕೈ ಚಾಚಿ ಬ್ಯಾಟಿನ ತುದಿಯನ್ನು ಚೀಲಕ್ಕೆ ಮುಟ್ಟಿಸಿ, ಗತ್ತಿನಿಂದ ಮಾವನ ಕಡೆ ನೋಡುತ್ತ ನಿಂತೆ. ಅಷ್ಟರಲ್ಲಿ ರಾಯಚೂರಿನವನೊಬ್ಬ ಆರಾಮಾಗಿ ನಡೆದು ಬಂದು ಚೆಂಡನ್ನು ನನ್ನ ಬೆನ್ನಿಗೆ ಮುಟ್ಟಿಸಿ “ಔಟ್ ಆದ್ರಿ ಸರ” ಅಂದ.

“ಬ್ಯಾಟ್ ಮುಟ್ಟಿದ್ರೆ ಆಗಲ್ಲ ಅಣ್ಣ, ನೀವೇ ಮುಟ್ಬೇಕು,” ಅಂದ ಷಡ್ಡಕ. ಸಿಟ್ಟಿನಲ್ಲಿ ತಿರುಗಿದೆ. ರಾಗಿ ಕೂಳೆಯ ಮೇಲೆ ಕಾಲು ಉಳುಕಿ ಬಿದ್ದೆ. ಮಾವ ಕೆಮ್ಮು ಬರುವಷ್ಟು ನಕ್ಕರು. ಕೊನೆಗೂ ಅವರು ನನ್ನನ್ನೇ ನೋಡುತ್ತಿದ್ದರು.

ಷಡ್ಡಕ ಮಾತ್ರ ನಗಲಿಲ್ಲ. ನನ್ನನ್ನು ಎಬ್ಬಿಸಿ ಡಾಕ್ಟರ ಹತ್ತಿರ ಕರೆದೊಯ್ದು ಪಟ್ಟಿ ಕಟ್ಟಿಸಿದ. ವಾಪಸ್ಸು ಬರುವಾಗ ಕಾರಿನಲ್ಲಿ ರೇಗಿದೆ: “ಎಲ್ಲರ ಹಾಗೆ ಕ್ರಿಕೆಟ್ ಮಾತಾಡೋಕೆ ಏನಯ್ಯಾ ಕಷ್ಟ ನಿನಗೆ?”

ಅವನು ರಸ್ತೆ ನೋಡುತ್ತಲೇ ಹೇಳಿದ. “ನಾನು ಮದುವೆಯಾಗಿ ಬಂದಾಗ ಈ ಮನೇಲಿ ಬರೀ ನಿಮ್ದೇ ಮಾತು ಅಣ್ಣ. ದೊಡ್ಡಳಿಯಂದಿರು ಹಂಗೆ ಹೊಡೀತಾರೆ, ಹಿಂಗೆ ಹೊಡೀತಾರೆ ಅಂತ. ನಾನು ಸ್ಕೂಲ್ ಟೀಮಲ್ಲೂ ಇರ್ಲಿಲ್ಲ. ನಿಮ್ಮ ಮುಂದೆ ಕ್ರಿಕೆಟ್ ಮಾತಾಡೋಕಾಗತ್ತಾ? ಅದಕ್ಕೇ ನಿಮಗೆ ಗೊತ್ತಿಲ್ದಿರೋ ಆಟ ಹಿಡ್ಕೊಂಡೆ. ಈ ಮನೇಲಿ ಕೂತ್ಕೊಂಡು ಮಾತಾಡೋಕೆ ನಂಗೂ ಏನಾದ್ರೂ ಬೇಕಿತ್ತಲ್ಲ.”

ವರ್ತೂರು ಕೆರೆಯ ಕೊಳಚೆ ವಾಸನೆ ಬಂತು. ಇಬ್ಬರೂ ಗಾಜು ಏರಿಸಿದೆವು. ಇಷ್ಟು ವರ್ಷ ಅವನ ಆಟ ಮುಗಿಯುವ ತನಕ ನಾನು ಒಂದು ದಿನವೂ ಕೂತವನಲ್ಲ.

“ಕೊನೆಗೆ ಯಾರು ಗೆದ್ದರಯ್ಯಾ?” ಎಂದು ಕೇಳಿದೆ.

ಅವನು ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ. ನನ್ನ ಕಡೆ ಪೂರ್ತಿ ತಿರುಗಿ, ಮೆಲ್ಲಗೆ ಕೇಳಿದ.

“ಮೊದಲಿಂದ ಹೇಳ್ಲಾ ಅಣ್ಣ?”