ಒಂದೇ ಗುರುವಾರ, ಏಳು ವರ್ಷದ ಮಳೆ

ಮಲ್ಲಂದೂರಿನ ಸುತ್ತಮುತ್ತ ಮಳೆಯನ್ನು ನನ್ನಷ್ಟು ಶ್ರದ್ಧೆಯಿಂದ ಅಳೆದವರು ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಕಾಫಿ ಬೆಳೆಗಾರನಿಗೆ ಮಳೆಯ ಲೆಕ್ಕ ಮಾನದ ಪ್ರಶ್ನೆ. ಪಕ್ಕದ ತೋಟಕ್ಕೆ ಮೂರು ಇಂಚು ಬಿತ್ತೆಂದರೆ ನಮ್ಮ ತೋಟಕ್ಕೆ ಮೂರು ಇಂಚು ಹತ್ತು ಸೆಂಟ್ಸ್ ಆದರೂ ಬೀಳಲೇಬೇಕು. ಇಂಚಿಗೆ ನೂರು ಸೆಂಟ್ಸ್, ಅದು ನಮ್ಮ ಲೆಕ್ಕ. ಎಷ್ಟೋ ಕಡೆ ಆ ಹತ್ತು ಸೆಂಟ್ಸ್ ಆಕಾಶದಿಂದ ಬೀಳುವುದಿಲ್ಲ, ಯಜಮಾನರ ಬಾಯಿಂದ ಬೀಳುತ್ತದೆ. ನನ್ನದು ಹಾಗಲ್ಲ! ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಅಂಗಳದ ಮಳೆ ಡಬ್ಬಿಯ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೀಟು ನೋಡಿ ಹೇಳಿದ ಲೆಕ್ಕ ನನ್ನದು. ‘ರುದ್ರಣ್ಣ ಹೇಳಿದ ಮೇಲೆ ಮುಗೀತು’ ಎಂದು ಆಲ್ದೂರಿನವರೆಗೂ ಜನ ಹೇಳುತ್ತಿದ್ದರು.

ಮನೆಗೆ ಕಂಪ್ಯೂಟರ್ ಬಂದ ವರ್ಷವೇ ನಾನು ಮಳೆ ಪುಸ್ತಕಕ್ಕೆ ವಿದಾಯ ಹೇಳಿದೆ. ಅಳೆದ ಕೂಡಲೇ ಹತ್ತೊಂಬತ್ತು ಜನ ಬೆಳೆಗಾರ ಮಿತ್ರರಿಗೆ ಒಂದು ಈ-ಮೇಲ್. ಅದರ ಪ್ರತಿ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು, ಅದೇ ದಾಖಲೆ. ಏಳು ವರ್ಷಗಳಲ್ಲಿ ಒಂಬೈನೂರ ಹದಿನಾಲ್ಕು ಮಳೆ ಮೇಲ್‌ಗಳು! ಒಂದರಲ್ಲೂ ನಾನು ತಾರೀಖು ಬರೆದಿರಲಿಲ್ಲ. ಕಂಪ್ಯೂಟರ್ ತಾನಾಗಿಯೇ ತಾರೀಖು ಹಾಕುವಾಗ ಮನುಷ್ಯ ಯಾಕೆ ಕೈ ನೋಯಿಸಿಕೊಳ್ಳಬೇಕು?

ಹೀಗಿರುವಾಗ ಒಂದು ಮಾರ್ಚ್ ತಿಂಗಳಲ್ಲಿ ಆಲ್ದೂರಿನ ಬೆಳೆಗಾರರ ಸಭೆಯಿಂದ ಕರೆ ಬಂತು. ಭಾನುವಾರ ನಾನು ವೇದಿಕೆಯ ಮೇಲೆ ಕೂತು, ಏಳು ವರ್ಷದ ಮಳೆ ವಿವರವನ್ನು ತಿಂಗಳುವಾರು ಓದಬೇಕು. ಶಾಲು ಹೊದಿಸುತ್ತಾರಂತೆ! ನನ್ನ ಹೆಂಡತಿ ವಿಶಾಲಾಗೆ ಈ ಸುದ್ದಿಯನ್ನು ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲ ಅವಳು, “ಗೊತ್ತಾಯ್ತು ಮಾರಾಯ್ರೆ, ಶಾಲಿಗೆ ಒಪ್ಪೋ ಅಂಗಿ ಇಸ್ತ್ರಿ ಮಾಡಿಡ್ಲಾ?” ಎಂದಳು.

ಅಂಥ ದಾಖಲೆಯನ್ನು ಹಳೆಯ ಮೇಲ್ ಪ್ರೋಗ್ರಾಮಿನಿಂದ ಓದುವುದು ನನ್ನ ಘನತೆಗೆ ತಕ್ಕದ್ದಾಗಿ ಕಾಣಲಿಲ್ಲ. ಅದಕ್ಕೆ ವಯಸ್ಸಾಗಿತ್ತು. ಒತ್ತಿದರೆ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಚಿಕ್ಕಮಗಳೂರಿನ ಅಂಗಡಿಯಿಂದ ಹೊಸ ಪ್ರೋಗ್ರಾಮಿನ ಸಿ.ಡಿ. ತಂದೆ. ಅಂಗಡಿಯವನು, “ಸರ್, ಹಳೇ ಮೇಲ್ ಎಲ್ಲ ಇದಕ್ಕೆ ವರ್ಗಾಯಿಸ್ಬೇಕಾದ್ರೆ ನಾನೇ ಬಂದು ಮಾಡ್ಕೊಡ್ತೀನಿ” ಎಂದ. ನಾನು ನಕ್ಕೆ. ಐವತ್ತು ಕೆ.ಜಿ. ಮೂಟೆಗಳನ್ನು ಗೋದಾಮಿನಿಂದ ಗೋದಾಮಿಗೆ ಸಾಗಿಸಿದವನಿಗೆ, ತೂಕವೇ ಇಲ್ಲದ ಕಾಗದ ಸಾಗಿಸಲು ಇವನ ಸಹಾಯವೇ!

ಗುರುವಾರ ಬೆಳಿಗ್ಗೆ ಶುಭಕಾರ್ಯ ಶುರುವಾಯಿತು.

ಮೂಟೆ ಸಾಗಿಸುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಲಾರಿ ಬಂದ ಮೇಲೆ ಗೋದಾಮಿನೊಳಗೆ ತಡಕಾಡುವಂತಿಲ್ಲ. ಮೊದಲೇ ಎಲ್ಲವನ್ನೂ ಹೊರಗೆ ಜಗಲಿಗೆ ತಂದು ಪೇರಿಸಿಡಬೇಕು. ಲಾರಿ ಬಂತು, ಏರಿಸಿದರು, ಹೋಯಿತು. ನಾನು ಹಳೆಯ ಪ್ರೋಗ್ರಾಮಿನಲ್ಲಿ ಜಗಲಿಗಾಗಿ ಹುಡುಕಿದೆ. ‘ಔಟ್‌ಬಾಕ್ಸ್’ ಎಂಬುದೊಂದು ಖಾಲಿ ಬಿದ್ದಿತ್ತು. ಬಾಗಿಲ ಹತ್ತಿರದ ಜಾಗ, ಹೊರಗೆ ಹೋಗುವ ಸರಕಿಗೆಂದೇ ಇರುವುದು. ಇದಕ್ಕಿಂತ ಇನ್ನೇನು ಬೇಕು? ಒಂಬೈನೂರ ಹದಿನಾಲ್ಕನ್ನೂ ಎಳೆದು ತಂದು ಅಲ್ಲಿ ಸಾಲಾಗಿ ಪೇರಿಸಿದೆ. ಹೊಸ ಪ್ರೋಗ್ರಾಮು ಎಂಬ ಲಾರಿ ಬಂದು ಏರಿಸಿಕೊಳ್ಳಲಿ ಎಂದು ಅದನ್ನೂ ತೆರೆದೆ. ಅದು ಇಂಟರ್ನೆಟ್ ಸಂಪರ್ಕ ಕೇಳಿತು. ಕೊಟ್ಟೆ.

ಆಗಿನ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ. ಕೀಂಯ್, ಕೊರ್ ಎಂದು ಕೂಗಿ ಸಂಪರ್ಕ ಸಿಕ್ಕಿದ ಕೂಡಲೇ ಪರದೆಯ ಮೇಲೆ ಒಂದು ಚಿಕ್ಕ ಚೌಕ ಮೂಡಿತು. ‘914ರಲ್ಲಿ 1’ ಎಂಬ ಲೆಕ್ಕ. ಆಮೇಲೆ 2. ಆಮೇಲೆ 3.

“ವಿಶಾಲಾ! ಬಾ ಇಲ್ಲಿ! ಲೋಡು ಹೊರಟಿತು!”

ಅವಳು ಬಂದು ನೋಡಿ, “ಎಲ್ಲಿಗೆ ಹೊರಟಿದ್ದು?” ಎಂದಳು.

“ಹೊಸ ಪ್ರೋಗ್ರಾಮಿಗೆ.”

“ಅದು ಇದೇ ಡಬ್ಬದೊಳಗೆ ಇದೆ ಅಲ್ವಾ? ಪಕ್ಕದ ರೂಮಿಗೆ ಹೋಗಕ್ಕೆ ಫೋನ್ ಯಾಕೆ ಬೇಕು?”

ಹೆಂಗಸರಿಗೆ ತಾಂತ್ರಿಕ ವಿಷಯ ವಿವರಿಸುವುದು ಕಷ್ಟ. ಎರಡು ಗಂಟೆ ಕಾಲ ಆ ಅಂಕಿ ಏರುವುದನ್ನು ನೋಡುತ್ತ ಕೂತೆ. ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಕೂತದ್ದು ನಮ್ಮ ಮದುವೆಯ ದಿನವೂ ಇಲ್ಲ.

ಕೊನೆಯ ಮೇಲ್ ಹೋಗುವ ಹೊತ್ತಿಗೆ ಅಂಗಳಕ್ಕೆ ಒಂದು ಜೀಪು ನುಗ್ಗಿತು. ಆಲ್ದೂರಿನ ಮಂಜಪ್ಪಗೌಡ್ರು. ನನ್ನ ಹಳೆಯ ಗೆಳೆಯರು, ಹತ್ತೊಂಬತ್ತು ಜನರಲ್ಲಿ ಮೊದಲ ಹೆಸರು ಅವರದೇ. ಉರಿ ಬಿಸಿಲು. ಜೀಪಿಗೆ ಟಾರ್ಪಾಲು ಬಿಗಿದಿತ್ತು. ಗೌಡ್ರ ಮೈಮೇಲೆ ರೇನ್‌ಕೋಟು, ಅದರ ಮೇಲೆ ರಸ್ತೆಯ ಕೆಂಪು ಧೂಳು.

“ಮಳೆ ಎಲ್ಲಿ ರುದ್ರಣ್ಣ?”

“ಯಾವ ಮಳೆ?”

ಅವರು ಜೇಬಿನಿಂದ ಮುದ್ರಿಸಿದ ಕಾಗದ ತೆಗೆದು ನನ್ನ ಮುಖಕ್ಕೆ ಹಿಡಿದರು. ‘ಹೂಮಳೆ ಬಂತು! ಒಂದು ಇಂಚು ನಲವತ್ತು ಸೆಂಟ್ಸ್. ಮೋಡ ಆಲ್ದೂರಿನ ಕಡೆ ಹೊರಟಿದೆ.’ ಕೆಳಗೆ ನನ್ನ ಹೆಸರು. ಅದು ನನ್ನ ಮೊಟ್ಟಮೊದಲ ಮಳೆ ಮೇಲ್, ಏಳು ವರ್ಷ ಹಳೆಯದು. ಮೇಲೆ ಮಾತ್ರ ಇವತ್ತಿನ ತಾರೀಖು! ಔಟ್‌ಬಾಕ್ಸಿನ ಸರಕು ಹೊಸ ಪ್ರೋಗ್ರಾಮಿಗಲ್ಲ, ಮತ್ತೊಮ್ಮೆ ಹತ್ತೊಂಬತ್ತು ಜನರ ಮನೆಗೇ ಹೋಗಿತ್ತು.

ಹೊರಗಿನವರಿಗೆ ಇದರ ಗಂಭೀರತೆ ತಿಳಿಯಲಿಕ್ಕಿಲ್ಲ. ಮಾರ್ಚಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಹೂ ಬಿಡುತ್ತದೆ. ಅದೇ ಹೂಮಳೆ, ವರ್ಷದ ಬೆಳೆ ಅದರ ಮೇಲೆ ನಿಂತಿದೆ. ಬೀಳದಿದ್ದರೆ ಸ್ಪ್ರಿಂಕ್ಲರಿನಿಂದ ನೀರು ಹಾರಿಸಬೇಕು. ಮಂಜಪ್ಪಗೌಡ್ರು ಬಾಡಿಗೆ ಪೈಪು ತರಿಸಿ ಅರ್ಧ ತೋಟಕ್ಕೆ ನೀರು ಹೊಡೆಸಿದ್ದರು. ಉಳಿದರ್ಧ ಬಾಕಿ ಇತ್ತು.

“ನೀವು ಹೇಳಿದ ಮೇಲೆ ಮುಗೀತು ಅಂತ ಮೋಟಾರು ನಿಲ್ಸಿದೆ. ಪೈಪೆಲ್ಲ ಕಳಿಸ್ಬಿಟ್ಟೆ, ಕಾಯ್ತಿದ್ದವರು ಹೊತ್ಕೊಂಡು ಹೋದ್ರು. ಮತ್ತೆ ಸಿಗೋದು ಮಂಗಳವಾರವೇ. ಅಷ್ಟರಲ್ಲಿ ಆ ಮೊಗ್ಗೆಲ್ಲ ಸುಟ್ಟು ಹೋದ್ರೆ ಎಂತ ಮಾಡ್ಲಿ ನಾನು?”

“ಒಂದು ಫೋನ್ ಮಾಡ್ಬಾರ್ದಿತ್ತಾ ಗೌಡ್ರೆ?”

“ಮಾಡ್ದೆ ಮಾರಾಯ್ರೆ, ಹತ್ತು ಸಲ! ಬರೀ ಎಂಗೇಜು. ಅಷ್ಟರಲ್ಲಿ ನಿಮ್ಮದೇ ಇನ್ನೊಂದು ಬಂತು, ಏಳು ಇಂಚು ಬಿದ್ದಿದೆ ಅಂತ. ಮತ್ತೊಂದು ಬಂತು, ಸೇತುವೆ ಮೇಲೆ ನೀರು, ಬಸ್ಸು ಬಂದಿಲ್ಲ ಅಂತ. ಲೈನ್ ಮೇಲೆ ಮರ ಬಿದ್ದಿದೆ, ನೀವು ಮನೆಯೊಳಗೆ ಸಿಕ್ಕಿಬಿದ್ದಿದೀರಿ ಅಂತ ಜೀಪ್ ತಗೊಂಡು ಬಂದೆ!”

ನನ್ನನ್ನು ಪ್ರವಾಹದಿಂದ ಪಾರು ಮಾಡಲು ಬಂದ ಪುಣ್ಯಾತ್ಮ, ಒಣ ಅಂಗಳದಲ್ಲಿ ಬೆವರುತ್ತ ನಿಂತಿದ್ದರು. ನನಗೆ ನಿಜಕ್ಕೂ ಅಳು ಬಂತು. ವಿಶಾಲಾ ಅವರ ಕೈಗೆ ಮಜ್ಜಿಗೆ ಕೊಟ್ಟು, ನನ್ನ ಕಡೆ ನೋಡದೆ ಹೋಗಿ ಇಂಟರ್ನೆಟ್ಟಿನ ತಂತಿ ಕಿತ್ತಳು. ಕಿತ್ತದ್ದೇ ತಡ, ಫೋನು ಹೊಡೆದುಕೊಂಡಿತು. ಸಂಸೆಯ ಧರಣಪ್ಪಯ್ಯನವರು.

“ರುದ್ರೇಗೌಡ್ರೇ, ನಿಮ್ಮ ಮೇಲ್ ನೋಡಿ ಕಣದಲ್ಲಿ ಒಣಗಾಕಿದ ಮೆಣಸೆಲ್ಲ ರಾಶಿ ಮಾಡಿ ಮುಚ್ಚಿಸ್ದೆ. ನಿಮ್ಮ ಮಳೆ ಬಯಲುಸೀಮೆ ಕಡೆ ಹೋಯ್ತಾ ಹೇಗೆ?”

ಉಳಿದ ಹದಿನೇಳು ಜನರೂ ಸಂಜೆಯೊಳಗೆ ಮಾತಾಡಿದರು. ಅವರ ಮಾತುಗಳನ್ನು ಇಲ್ಲಿ ಮುದ್ರಿಸುವಂತಿಲ್ಲ.

ಇಷ್ಟಾದರೂ ನಾನು ಸೋಲೊಪ್ಪುವವನಲ್ಲ. ಮರುದಿನ ಹೊಸ ಪ್ರೋಗ್ರಾಮನ್ನು ತಾಳ್ಮೆಯಿಂದ ನೋಡಿದಾಗ, ಹಳೆಯ ಮೇಲ್‌ಗಳನ್ನು ತರಿಸಿಕೊಳ್ಳಲೆಂದೇ ಒಂದು ಗುಂಡಿ ಅದರಲ್ಲಿರುವುದು ಕಂಡಿತು. ಒತ್ತಿದೆ. ಐದೇ ನಿಮಿಷ! ಒಂಬೈನೂರ ಹದಿನಾಲ್ಕೂ ಬಂದು ಕೂತವು. ಒಂದು ಹನಿ ಚೆಲ್ಲಿರಲಿಲ್ಲ. ವಿಜಯದಿಂದ ವಿಶಾಲಾಳನ್ನು ಕರೆದೆ. ಅವಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ನೋಡಿದಳು.

“ರೀ, ಎಲ್ಲದ್ರ ಮೇಲೂ ನಿನ್ನೆ ತಾರೀಖೇ ಇದೆಯಲ್ಲ?”

ಇತ್ತು! ಮತ್ತೆ ಕಳಿಸಿದಾಗ ಕಂಪ್ಯೂಟರ್ ತಾನಾಗಿಯೇ ಹೊಸ ತಾರೀಖು ಹಾಕಿತ್ತು. ನನ್ನ ಅಧಿಕೃತ ದಾಖಲೆಯ ಪ್ರಕಾರ ಮಲ್ಲಂದೂರಿನಲ್ಲಿ ಏಳು ವರ್ಷ ಒಂದು ಹನಿಯೂ ಬಿದ್ದಿಲ್ಲ. ಆಮೇಲೆ ಒಂದು ಗುರುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ, ಆರುನೂರ ಅರವತ್ತೊಂದು ಇಂಚು ಸುರಿದಿದೆ. ಮಿತ್ರರ ಹತ್ತಿರ ಹಳೆಯ ಪ್ರತಿ ಇರಬಹುದೆಂದು ಮಂಜಪ್ಪಗೌಡ್ರಿಗೆ ಅಂಜುತ್ತಲೇ ಫೋನು ಮಾಡಿದೆ. “ಮೇಲ್ ಓದಿದ ಕೂಡ್ಲೇ ಅಳಿಸ್ತೀನಿ ಮಾರಾಯ್ರೆ, ಮಳೆ ಕಟ್ಟಿಟ್ಕೊಂಡು ಎಂತ ಮಾಡೋದು?” ಎಂದು ಇಟ್ಟುಬಿಟ್ಟರು. ಉಳಿದವರೂ ಅದನ್ನೇ ಹೇಳಿದರು.

ಭಾನುವಾರ ವೇದಿಕೆ ಹತ್ತಿದೆ. ಎದುರು ಸಾಲಿನಲ್ಲೇ ಹತ್ತೊಂಬತ್ತು ಜನ. ಗಂಟಲು ಸರಿಮಾಡಿಕೊಂಡು, “ಏಳು ವರ್ಷದ ಒಟ್ಟು ಮಳೆ, ಆರುನೂರ ಅರವತ್ತೊಂದು ಇಂಚು ಮೂವತ್ತೈದು ಸೆಂಟ್ಸ್” ಎಂದು ಓದಿ ಕೂತೆ.

“ತಿಂಗಳುವಾರು?” ಎಂದರು ಅಧ್ಯಕ್ಷರು.

“ಮಹನೀಯರೇ, ಮಳೆಯನ್ನು ತುಂಡು ತುಂಡಾಗಿ ನೋಡಬಾರದು. ಅಖಂಡವಾಗಿ ನೋಡಬೇಕು.”

ಸಭೆ ಬಿದ್ದು ಬಿದ್ದು ನಕ್ಕಿತು. ಮಂಜಪ್ಪಗೌಡ್ರು ಮಾತ್ರ ನಗಲಿಲ್ಲ. ಶಾಲು ಹೊದಿಸಿದರು, ಹೊದ್ದುಕೊಂಡೆ. ತಂದಿದ್ದನ್ನು ವಾಪಸು ಒಯ್ಯುವುದು ಚೆನ್ನಾಗಿರುವುದಿಲ್ಲ ಎಂದು ಹೊದಿಸಿದ್ದಿರಬೇಕು.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮೋಡ ಕಪ್ಪಾಯಿತು. ನೋಡನೋಡುತ್ತಿದ್ದಂತೆ ದಪ್ಪ ಹನಿ, ಆಮೇಲೆ ಧಾರೆ. ಹೂಮಳೆ! ನಿಜವಾದ, ಒದ್ದೆಯಾದ, ಈ ವರ್ಷದ ಹೂಮಳೆ! ಅರ್ಧ ಗಂಟೆಯಲ್ಲಿ ಒಂದು ಇಂಚು ಹತ್ತು ಸೆಂಟ್ಸ್, ಮೋಡ ಆಲ್ದೂರಿನ ಕಡೆ ಹೊರಟಿತ್ತು. ಮಂಜಪ್ಪಗೌಡ್ರ ಮೊಗ್ಗು ಉಳಿಯಿತು ಎಂದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಈ-ಮೇಲಿನ ಗೊಡವೆಯೇ ಬೇಡವೆಂದು ನೇರವಾಗಿ ಫೋನು ಹಚ್ಚಿದೆ.

“ಗೌಡ್ರೆ! ಪೈಪ್ ಇಳಿಸ್ಬೇಡಿ! ಮಳೆ ಬರ್ತಿದೆ, ನಿಮ್ಮ ಕಡೆಗೇ ಬರ್ತಿದೆ!”

ಆ ಕಡೆ ಲಾರಿಯಿಂದ ಪೈಪ್ ಇಳಿಸುವ ಸದ್ದು ಕೇಳಿಸುತ್ತಿತ್ತು.

“ಎಷ್ಟು?”

“ಒಂದು ಇಂಚು ಹತ್ತು ಸೆಂಟ್ಸ್! ನಾನೇ ಅಳೆದಿದ್ದು!”

“ಯಾವ ವರ್ಷದ್ದು ರುದ್ರಣ್ಣ?”

ನಾನು ಆಣೆ ಹಾಕಿದೆ. ರಿಸೀವರನ್ನು ಕಿಟಕಿಯ ಹತ್ತಿರ ಹಿಡಿದು ಹೆಂಚಿನ ಸದ್ದು ಕೇಳಿಸಿದೆ. “ಅದನ್ನೂ ಕಂಪ್ಯೂಟರಿನಲ್ಲಿ ಇಟ್ಕೊಂಡಿರ್ತೀರಿ” ಎಂದರು. ಕೊನೆಗೆ ಅವರೇ, “ವಿಶಾಲಮ್ಮನಿಗೆ ಕೊಡಿ ಫೋನು” ಎಂದರು.

ಹಿತ್ತಿಲಿನಿಂದ ಓಡಿ ಬಂದ ವಿಶಾಲಾ ಫೋನು ತೆಗೆದುಕೊಂಡು, “ಹೌದು ಅಣ್ಣ, ಒಣಗಾಕಿದ ಬಟ್ಟೆಯೆಲ್ಲ ಒದ್ದೆ ಆಯ್ತು” ಎಂದಳು. ಅಷ್ಟೇ. ಗೌಡ್ರು ಆಳುಗಳಿಗೆ, “ಪೈಪ್ ವಾಪಸ್ ಲಾರಿಗೆ ಹಾಕ್ರೋ!” ಎಂದು ಕೂಗಿದ್ದು ನನಗೂ ಕೇಳಿಸಿತು. ನಾಲ್ಕು ಗಂಟೆಗೆ ಆಲ್ದೂರಿನಲ್ಲಿ ಸುರಿಯಿತು.

ಮಳೆ ಮೇಲ್ ಈಗಲೂ ತಪ್ಪದೆ ಹೋಗುತ್ತದೆ. ಅಳೆಯುವವನು ನಾನೇ, ಬರೆಯುವವನು ನಾನೇ. ಕೆಳಗಿನ ಹೆಸರು ಮಾತ್ರ ವಿಶಾಲಾಳದ್ದು. ಹತ್ತೊಂಬತ್ತು ಜನರೂ ಸರ್ವಾನುಮತದಿಂದ ಹಾಕಿದ ಷರತ್ತು ಅದು.